ಹೊಟ್ಟೆ ಸರಿ ಇಲ್ಲ, ಹಸಿವೂ ಇಲ್ಲ, ಮೇಲಿಂದ ಆತಂಕ. ಯಾವುದಕ್ಕೆ ಮೊದಲು ಮದ್ದು ಮಾಡಬೇಕು?

ನೀವು ಬರೆದದ್ದು ಇಷ್ಟು. ಮನೆ ಉಪ್ಪಳದ ಹತ್ತಿರ, ಕೆಲಸಕ್ಕೆ ದಿನಾ ಮಂಗಳೂರಿಗೆ ಬಸ್ಸು. ಎರಡು ವರ್ಷದಿಂದ ಹೊಟ್ಟೆ ಉಬ್ಬರ, ಒಂದು ವಾರ ಭೇದಿ ಆದರೆ ಮುಂದಿನ ವಾರ ಹೊಟ್ಟೆ ಕಟ್ಟುತ್ತದೆ. ಊಟಕ್ಕೆ ಕೂತರೆ ನಾಲ್ಕು ತುತ್ತಿಗೆ ಸಾಕಾಗುತ್ತದೆ, ತೂಕವೂ ಇಳಿದಿದೆ. ಎಂಡೋಸ್ಕೋಪಿ, ಸ್ಕ್ಯಾನಿಂಗ್ ಎಲ್ಲ ನಾರ್ಮಲ್. ಡಾಕ್ಟರು "ಟೆನ್ಶನ್ ಮಾಡ್ಬೇಡಿ" ಅಂತ ಕಳಿಸಿದರು. ಈಗ ಎದೆ ಡವಡವ, ನಿದ್ದೆ ಇಲ್ಲ, ಮದುವೆ ಮುಂಜಿಗೆ ಹೋಗುವುದನ್ನೂ ಬಿಟ್ಟಿದ್ದೀರಿ. ಹೊಟ್ಟೆಯಿಂದ ಆತಂಕವಾ, ಆತಂಕದಿಂದ ಹೊಟ್ಟೆಯಾ ಅಂತ ಕೇಳಿದ್ದೀರಿ.

ಎರಡಕ್ಕೂ ಒಟ್ಟಿಗೆ ಮದ್ದು ಮಾಡಿ. ಯಾವುದು ಮೊದಲು ಶುರುವಾಯಿತು ಅನ್ನುವುದು ಈಗ ಕಂಡುಹಿಡಿದು ಪ್ರಯೋಜನ ಇಲ್ಲ. ಹೊಟ್ಟೆ ಸರಿ ಆದ ಮೇಲೆ ಮನಸ್ಸಿನ ಡಾಕ್ಟರ ಹತ್ತಿರ ಹೋಗೋಣ ಅಂತ ಕಾದು ಕೂತವರ ಹೊಟ್ಟೆಯೂ ಸರಿ ಆಗುವುದಿಲ್ಲ, ಮನಸ್ಸೂ ಸರಿ ಆಗುವುದಿಲ್ಲ.

ನಾನು ಡಾಕ್ಟರಲ್ಲ. ಬದಿಯಡ್ಕ ಕಡೆಯವಳು, ಇದೇ ತೊಂದರೆ ಇಟ್ಟುಕೊಂಡು ಕುಂಬಳೆಯಲ್ಲಿ ಬಸ್ಸು ಬದಲಿಸಿ ಮಂಗಳೂರಿಗೆ ಕೆಲಸಕ್ಕೆ ಹೋಗುವವಳು. ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್), ಅಂದರೆ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಕರುಳು ಏರುಪೇರಾಗುವ ತೊಂದರೆ, ಅಂತ ನನಗೆ ಹೇಳಿದ್ದಾರೆ. ನಿಮ್ಮದೂ ಅದೇ ಅಂತ ನಾನು ಇಲ್ಲಿ ಕೂತು ಹೇಳಲಿಕ್ಕಾಗುವುದಿಲ್ಲ.

ಮೊದಲು ಒಂದು ವಿಷಯ, ಇದನ್ನು ಹಾರಿಸಬೇಡಿ. ತೂಕ ಇಳಿದಿದೆ ಅಂತ ಬರೆದಿದ್ದೀರಿ, ಎಷ್ಟು ಅಂತ ಬರೆದಿಲ್ಲ. ಪ್ರಯತ್ನ ಮಾಡದೆಯೇ 6 ತಿಂಗಳಿಂದ ಒಂದು ವರ್ಷದೊಳಗೆ ಮೈತೂಕದ ನೂರಕ್ಕೆ 5 ಭಾಗಕ್ಕಿಂತ ಜಾಸ್ತಿ ಇಳಿದಿದ್ದರೆ, ಅಂದರೆ 60 ಕಿಲೋ ಇದ್ದವರು 57ಕ್ಕಿಂತ ಕೆಳಗೆ ಬಂದಿದ್ದರೆ, ರಿಪೋರ್ಟು ನಾರ್ಮಲ್ ಇದ್ದರೂ ಮತ್ತೊಮ್ಮೆ ಡಾಕ್ಟರಿಗೆ ತೋರಿಸಿ. ಮಲದಲ್ಲಿ ರಕ್ತ ಅಥವಾ ಟಾರಿನ ಹಾಗೆ ಕಪ್ಪು ಬಣ್ಣ, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ, ನುಂಗಲು ಕಷ್ಟ, ನಿಲ್ಲದ ವಾಂತಿ, ರಕ್ತ ಕಡಿಮೆ ಇದೆ ಅಂತ ಬಂದದ್ದು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆದದ್ದು, ಇವು ಇದ್ದರೂ ಹಾಗೆಯೇ. ಥೈರಾಯ್ಡ್, ಗೋಧಿ ಸೇರದ ಕಾಯಿಲೆಯಾದ ಸೀಲಿಯಾಕ್‌ನ ರಕ್ತಪರೀಕ್ಷೆ, ಕರುಳಿನಲ್ಲಿ ಉರಿಯೂತ ಇದೆಯಾ ಅಂತ ನೋಡುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಆಗಿದೆಯಾ ಅಂತ ಕೇಳಿ ನೋಡಿ. ಥೈರಾಯ್ಡ್ ಜಾಸ್ತಿ ಆದರೂ ಎದೆ ಬಡಿತ, ಭೇದಿ, ತೂಕ ಇಳಿಯುವುದು ಮೂರೂ ಒಟ್ಟಿಗೆ ಬರುತ್ತದೆ. ಇದೆಲ್ಲ ಒಮ್ಮೆ ಸರಿಯಾಗಿ ನೋಡಿ ಆಯಿತು ಅಂದರೆ ಅಲ್ಲಿಗೆ ನಿಲ್ಲಿಸಿ. ಪ್ರತಿ ಸಲ ಹೆದರಿಕೆ ಆದಾಗ ಹೊಸ ಸ್ಕ್ಯಾನಿಂಗ್ ಮಾಡಿಸಿದರೆ ಸಮಾಧಾನ ಒಂದು ವಾರ ಇರುತ್ತದೆ, ಆಮೇಲೆ ಇನ್ನೊಂದು ಸ್ಕ್ಯಾನಿಂಗ್ ಬೇಕು ಅನಿಸುತ್ತದೆ.

ರಿಪೋರ್ಟು ನಾರ್ಮಲ್ ಅಂದರೆ ಏನೂ ಇಲ್ಲ ಅಂತ ಅಲ್ಲ. ಹುಣ್ಣು, ಗೆಡ್ಡೆ ಕಾಣಲಿಲ್ಲ ಅಂತ ಅಷ್ಟೇ. ಕರುಳಿನ ಗೋಡೆಯಲ್ಲೇ 10 ಕೋಟಿಗೂ ಹೆಚ್ಚು ನರಕೋಶಗಳಿವೆ, ಅವು ಮೆದುಳಿನ ಜೊತೆ ದಿನವಿಡೀ ಮಾತಾಡುತ್ತಾ ಇರುತ್ತವೆ. ವೇಗಸ್ ನರ ಅಂತ ಒಂದಿದೆ. ಅದರ ಎಳೆಗಳಲ್ಲಿ ಹೆಚ್ಚಿನವು ಸುದ್ದಿ ಒಯ್ಯುವುದು ಹೊಟ್ಟೆಯಿಂದ ಮೇಲಕ್ಕೆ, ಮೆದುಳಿಂದ ಕೆಳಕ್ಕೆ ಬರುವುದು ಕಡಿಮೆ. ಐಬಿಎಸ್ ಇದ್ದವರ ಕರುಳಿಗೆ ಮಾಮೂಲಿ ಗಾಳಿ, ಮಾಮೂಲಿ ಮಲ ತುಂಬಿದರೂ ಬೇರೆಯವರಿಗಿಂತ ಜಾಸ್ತಿ ನೋವು ಗೊತ್ತಾಗುತ್ತದೆ. ಇನ್ನು ಹೆದರಿಕೆ ಆದಾಗ ದೇಹ ಎರಡು ಕೆಲಸ ಮಾಡುತ್ತದೆ. ಜಠರ ಖಾಲಿ ಆಗುವುದನ್ನು ನಿಧಾನ ಮಾಡುತ್ತದೆ, ದೊಡ್ಡ ಕರುಳನ್ನು ಜೋರು ಓಡಿಸುತ್ತದೆ. ನಿಮಗೆ ಮೇಲೆ ಊಟ ಸೇರದಿರುವುದೂ ಕೆಳಗೆ ಅವಸರ ಆಗುವುದೂ ಒಂದೇ ಗಳಿಗೆಯಲ್ಲಿ ಯಾಕೆ ಅಂತ ಇದರಲ್ಲೇ ಇದೆ. ಈ ಜಾತಿಯ ತೊಂದರೆಗಳಿಗೆ 2016ರಿಂದ ಡಾಕ್ಟರುಗಳು ಕರುಳು ಮತ್ತು ಮೆದುಳಿನ ನಡುವಿನ ವ್ಯವಹಾರದ ತೊಂದರೆ ಅಂತಲೇ ಹೆಸರಿಟ್ಟಿದ್ದಾರೆ. ಹಾಗಾಗಿ "ಎಲ್ಲ ನಿನ್ನ ತಲೆಯಲ್ಲಿ" ಅಂತ ಮನೆಯಲ್ಲಿ ಯಾರಾದರೂ ಹೇಳಿದರೆ ಅರ್ಧ ಮಾತ್ರ ಕೇಳಿ.

ಹಸಿವಿನ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ನಿಮ್ಮ ಪ್ರಶ್ನೆಯಲ್ಲಿ ನನಗೆ ಜಾಸ್ತಿ ಚಿಂತೆ ಆದದ್ದು ಅದೇ.

ನಮ್ಮಂಥವರಿಗೆ ಹಸಿವಿಲ್ಲದ್ದು ಅರ್ಧ, ತಿನ್ನಲಿಕ್ಕೆ ಹೆದರಿಕೆ ಅರ್ಧ. ಬಸ್ಸು ಹತ್ತುವ ಮೊದಲು ಏನೂ ತಿನ್ನದಿದ್ದರೆ ದಾರಿಯಲ್ಲಿ ಅವಸರ ಆಗುವುದಿಲ್ಲ ಅನ್ನುವ ಲೆಕ್ಕ. ಹಾಗೆ ಬರೀ ಒಂದು ಚಾ ಕುಡಿದು ಹೊರಡುತ್ತೇವೆ. ಖಾಲಿ ಹೊಟ್ಟೆಗೆ ಚಾ ಬಿದ್ದರೆ ಹತ್ತು ಗಂಟೆಗೆ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಅದನ್ನು ಆತಂಕ ಅಂತ ತಿಳಿದು ಇನ್ನಷ್ಟು ಹೆದರುತ್ತೇವೆ. ಮಧ್ಯಾಹ್ನ ಊಟ ಸೇರುವುದಿಲ್ಲ. ಸುಮಾರು ದಿನ ಹೀಗೆ ಕಡಿಮೆ ತಿಂದರೆ ಜಠರ ಇನ್ನೂ ನಿಧಾನ ಆಗುತ್ತದೆ, ಆಮೇಲೆ ನಿಜವಾಗಿಯೂ ನಾಲ್ಕು ತುತ್ತಿಗೆ ಹೊಟ್ಟೆ ತುಂಬುತ್ತದೆ. ಅದಕ್ಕೇ ಹಸಿವಿಗೆ ಕಾಯಬೇಡಿ, ಗಡಿಯಾರ ನೋಡಿ ತಿನ್ನಿ. ಎರಡೂವರೆ ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ತಟ್ಟೆ ನೋಡಿದರೇ ಓಕರಿಕೆ ಬರುವ ದಿನ ಕುಡಿಯುವ ರೂಪದಲ್ಲಿ ಹೋಗಲಿ. ಕುಚ್ಚಲಕ್ಕಿ ಗಂಜಿಗೆ ಒಂದು ಚಮಚ ತುಪ್ಪ, ರಾಗಿ ಅಂಬಲಿ, ಮಜ್ಜಿಗೆ. ನೇಂದ್ರ ಬಾಳೆಹಣ್ಣು ಬೇಯಿಸಿ ಅರ್ಧ. ಮೊಟ್ಟೆ ತಿನ್ನುವವರಾದರೆ ಅದು. ನನಗೆ ಬೆಳಗ್ಗೆ ನೀರ್ ದೋಸೆ ಸೇರುತ್ತದೆ, ಉದ್ದಿನ ದೋಸೆ ಸೇರುವುದಿಲ್ಲ. ನಿಮಗೆ ಉಲ್ಟಾ ಇರಬಹುದು.

ಪಥ್ಯದ ಬಗ್ಗೆ ನನಗೆ ಸಿಟ್ಟೇ ಇದೆ. ನಮ್ಮ ಊರಲ್ಲಿ ಹೊಟ್ಟೆ ಸರಿ ಇಲ್ಲ ಅಂದರೆ ಸಾಕು, ಒಬ್ಬರು ತೆಂಗಿನಕಾಯಿ ಬಿಡು ಅಂತಾರೆ, ಒಬ್ಬರು ಬದನೆ ಬಿಡು, ಇನ್ನೊಬ್ಬರು ಮೊಸರು ಬಿಡು, ಕೊನೆಗೆ ಉಳಿಯುವುದು ಗಂಜಿ ಮತ್ತು ಉಪ್ಪಿನಕಾಯಿ. ಫೋಡ್‌ಮ್ಯಾಪ್ ಅಂತ ಒಂದು ಪದ್ಧತಿ ಇರುವುದು ಹೌದು. ಆಸ್ಟ್ರೇಲಿಯಾದ ಮೊನಾಶ್ ಯೂನಿವರ್ಸಿಟಿಯವರು ಮಾಡಿದ್ದು, ಐಬಿಎಸ್‌ನ ಎಷ್ಟೋ ಜನರಿಗೆ ಅದರಿಂದ ಉಪಕಾರ ಆಗಿದೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಅಲಸಂಡೆ ಕಡಲೆಯಂಥ ಕಾಳು, ಹಾಲು ಇವನ್ನು ಕೆಲವು ವಾರ ನಿಲ್ಲಿಸಿ, ಆಮೇಲೆ ಒಂದೊಂದೇ ಮರಳಿ ಸೇರಿಸಿ ಯಾವುದು ಆಗುವುದಿಲ್ಲ ಅಂತ ನೋಡುವುದು. ಮರಳಿ ಸೇರಿಸುವುದೇ ಅದರ ಮುಖ್ಯ ಭಾಗ, ಜನ ಅದನ್ನೇ ಮಾಡುವುದಿಲ್ಲ. ಆದರೆ ಮೊದಲೇ ಹಸಿವಿಲ್ಲದೆ ತೂಕ ಇಳಿದವರು ಡಯಟೀಷಿಯನ್ ಇಲ್ಲದೆ ಅದಕ್ಕೆ ಕೈ ಹಾಕಬೇಡಿ. ನಿಮಗೆ ಈಗ ಬೇಕಾದ್ದು ಪಟ್ಟಿ ದೊಡ್ಡದಾಗುವುದು, ಚಿಕ್ಕದಾಗುವುದಲ್ಲ. ಬೇಕಾದರೆ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಬದಲು ಇಂಗು ಜೀರಿಗೆ ಹಾಕಿ, ಅಷ್ಟು ಸಾಕು.

ಮದುವೆ ಊಟ ನನಗೂ ಕಷ್ಟವೇ. ಪಂಕ್ತಿಯಲ್ಲಿ ಕೂತು ಬಾಳೆಲೆಯಲ್ಲಿ ಅನ್ನ ಒಂದು ಕಡೆ ದೂಡಿ ಇಟ್ಟರೆ ಪಕ್ಕದ ಅತ್ತೆ ನೋಡುತ್ತಾರೆ, ಬಡಿಸುವವರು ಹೋಳಿಗೆ ಹಿಡಿದು ನಿಲ್ಲುತ್ತಾರೆ, "ಎಂತ, ಸಪೂರ ಆಗಿದ್ದಿ, ತಿನ್ನು ಮಾರಾಯ್ತಿ" ಅಂತ ಇನ್ನೊಬ್ಬರು. ಅಷ್ಟು ಹೊತ್ತಿಗೆ ಗಂಟಲು ಕಟ್ಟಿರುತ್ತದೆ. ಹೋಗುವುದನ್ನು ಬಿಟ್ಟರೆ ಆ ದಿನಕ್ಕೆ ನೆಮ್ಮದಿ, ಮುಂದಿನ ಸಲಕ್ಕೆ ಹೆದರಿಕೆ ಡಬಲ್. ಮನೆಯಿಂದ ಸ್ವಲ್ಪ ತಿಂದೇ ಹೊರಡಿ, ಎಲೆಯಲ್ಲಿ ಸಾರು ಅನ್ನ ಮಾತ್ರ ಹಾಕಿಸಿಕೊಳ್ಳಿ, ಕೊನೆಯ ಪಂಕ್ತಿಯಲ್ಲಿ ಕೂತರೆ ಎದ್ದು ಹೋಗಲಿಕ್ಕೂ ಸುಲಭ. ಎದ್ದು ಹೋದರೆ ಯಾರಾದರೂ ಎಂತ ಅಂದುಕೊಳ್ಳುತ್ತಾರೆ? ಹೆಚ್ಚೆಂದರೆ ಕೈ ತೊಳೆಯಲಿಕ್ಕೆ ಹೋದಳು ಅಂತ.

ಬಸ್ಸಿಗೂ ಹಾಗೆ. ಕುಂಬಳೆ, ಬಂದ್ಯೋಡು, ಉಪ್ಪಳ, ಹೊಸಂಗಡಿ, ತಲಪಾಡಿ, ತೊಕ್ಕೊಟ್ಟು, ಎಲ್ಲಿ ಇಳಿದರೆ ಯಾವ ಹೋಟೆಲಿನ ಹಿಂದೆ ಟಾಯ್ಲೆಟ್ ಇದೆ ಅಂತ ನನಗೆ ಬಾಯಿಪಾಠ. ಬೆಳಗ್ಗೆ ಅರ್ಧ ಗಂಟೆ ಮುಂಚೆ ಎದ್ದು ಏನಾದರೂ ತಿನ್ನಿ. ಹೊಟ್ಟೆಗೆ ಬಿದ್ದ ಕೂಡಲೇ ದೊಡ್ಡ ಕರುಳು ಚುರುಕಾಗುತ್ತದೆ, ಬೆಳಗ್ಗೆ ಅದು ಇನ್ನೂ ಜೋರು, ಕಾಫಿ ಕುಡಿದರೆ ಮತ್ತಷ್ಟು. ಅದು ಬಸ್ಸಿನಲ್ಲಿ ಆಗುವುದಕ್ಕಿಂತ ಮನೆಯಲ್ಲೇ ಮುಗಿಯಲಿ. ತೀರಾ ಕಷ್ಟದ ದಿನಗಳಲ್ಲಿ ರೈಲಿಗೆ ಹೋಗಿ, ಅದರಲ್ಲಿ ಟಾಯ್ಲೆಟ್ ಇದೆ ಅನ್ನುವುದೇ ಅರ್ಧ ಔಷಧ. ಧೈರ್ಯ ಬಂದ ಹಾಗೆ ಹೊಸಂಗಡಿವರೆಗೆ ಬಸ್ಸು, ಆಮೇಲೆ ತಲಪಾಡಿವರೆಗೆ, ಹೀಗೆ ಸ್ವಲ್ಪ ಸ್ವಲ್ಪ ಮುಂದೆ. ಹೊಟ್ಟೆ ಹಿಡಿದುಕೊಳ್ಳಲಿಕ್ಕೆ ಶುರು ಆದಾಗ ಮೂಗಿನಲ್ಲಿ 4 ಎಣಿಸುವಷ್ಟು ಉಸಿರು ಒಳಗೆ, 6 ಎಣಿಸುವಷ್ಟು ಹೊರಗೆ, ಏರಬೇಕಾದ್ದು ಹೊಟ್ಟೆ, ಎದೆ ಅಲ್ಲ. ಇದನ್ನು ಮನೆಯಲ್ಲಿ ಸುಮ್ನೆ ಕೂತಾಗ ಅಭ್ಯಾಸ ಮಾಡಿರಬೇಕು. ಮೊದಲ ಸಲ ಬಸ್ಸಿನಲ್ಲೇ ಮಾಡಿ ನೋಡಿ ಪ್ರಯೋಜನ ಆಗಲಿಲ್ಲ ಅಂದರೆ ಹೇಗೆ?

ಮಾತ್ರೆ. ಗ್ಯಾಸಿನ ಮಾತ್ರೆ ಎರಡು ವರ್ಷದಿಂದ ತಿನ್ನುತ್ತಾ ಇದ್ದರೆ ಸ್ಟ್ರಿಪ್ ತಿರುಗಿಸಿ ಓದಿ. ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಜೊತೆ ಲೆವೊಸಲ್ಪಿರೈಡ್ ಅಂತ ಇದ್ದರೆ, ಆ ಲೆವೊಸಲ್ಪಿರೈಡ್ ತುಂಬಾ ದಿನ ಸುಮ್ಮನೆ ತಿನ್ನುವ ಮದ್ದಲ್ಲ. ಕೆಲವರಿಗೆ ಕೈ ನಡುಕ ಬರುತ್ತದೆ, ಹೆಂಗಸರಿಗೆ ಮುಟ್ಟು ಏರುಪೇರಾಗುತ್ತದೆ. ಬರೆದುಕೊಟ್ಟ ಡಾಕ್ಟರ ಹತ್ತಿರವೇ ಹೋಗಿ ಇನ್ನೂ ಬೇಕಾ ಅಂತ ಕೇಳಿ. ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ಆಸಿಡ್ ಮಾತ್ರೆಯನ್ನು ಹಾಗೆ ನಿಲ್ಲಿಸಿದರೆ ಉರಿ ಮೊದಲಿಗಿಂತ ಜೋರಾಗಿ ಬರುವುದುಂಟು.

ನನಗೆ ಕೊಟ್ಟದ್ದು ಅಮಿಟ್ರಿಪ್ಟಿಲಿನ್, ರಾತ್ರಿ, ಸಣ್ಣ ಡೋಸ್. ಇದು ಡಿಪ್ರೆಶನ್ನಿನ ಮಾತ್ರೆ ಅಂತ ಮೆಡಿಕಲಿನವರು ಹೇಳಿದಾಗ ಮನೆಯಲ್ಲಿ ಗಲಾಟೆಯೇ ಆಯಿತು. ಡಿಪ್ರೆಶನ್ನಿಗೆ ಕೊಡುವ ಪ್ರಮಾಣ ಇದಕ್ಕಿಂತ ಎಷ್ಟೋ ಜಾಸ್ತಿ, ಇಲ್ಲಿ ಅದು ಕರುಳಿನ ನರಗಳ ಗದ್ದಲ ಕಡಿಮೆ ಮಾಡಲಿಕ್ಕೆ. 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಇಂಗ್ಲೆಂಡಿನ ಒಂದು ದೊಡ್ಡ ಪರೀಕ್ಷೆಯಲ್ಲಿ 463 ಜನ ಐಬಿಎಸ್ ರೋಗಿಗಳ ಮೇಲೆ 10ರಿಂದ 30 ಮಿಲಿಗ್ರಾಂ ಪ್ರಮಾಣ ನೋಡಿದ್ದಾರೆ, 6 ತಿಂಗಳಲ್ಲಿ ಬರೀ ಸಕ್ಕರೆ ಮಾತ್ರೆ ತಿಂದವರಿಗಿಂತ ಗುಣ ಚೆನ್ನಾಗಿ ಕಂಡಿದೆ. ನನಗೆ ಬಾಯಿ ಒಣಗುತ್ತದೆ, ಬೆಳಗ್ಗೆ ಮಂಪರು, ಆದರೆ ನಿದ್ದೆ ಬಂತು. ಮಲ ಕಟ್ಟುವವರಿಗೆ ಅದು ಇನ್ನೂ ಕಟ್ಟಿಸಬಹುದು, ನಿಮಗೆ ಎರಡೂ ಇರುವುದರಿಂದ ಇದನ್ನು ಡಾಕ್ಟರಿಗೆ ಹೇಳಲೇಬೇಕು. ಹಸಿವಿಲ್ಲದೆ ತೂಕ ಇಳಿದವರಿಗೆ ಮಿರ್ಟಾಜಪಿನ್ ಕೊಡುವುದೂ ಇದೆ, ಅದು ಹಸಿವು ಹೆಚ್ಚಿಸುತ್ತದೆ. ಯಾವುದು ಅಂತ ಅವರೇ ಹೇಳಲಿ. ಮಾತ್ರೆಯಷ್ಟೇ ಕೆಲಸ ಮಾಡುವ ಇನ್ನೊಂದು, ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ. ಐಬಿಎಸ್‌ಗೂ ಅದು ನಡೆಯುತ್ತದೆ.

ಮಾತಿನ ಚಿಕಿತ್ಸೆ ಅಂದಾಗ ನಮ್ಮ ಕಾಸರಗೋಡು ಜಿಲ್ಲೆಯದ್ದೇ ಒಂದು ತೊಡಕು ಇದೆ, ನಿಮಗೆ ಹೇಳಬೇಕಾಗಿಲ್ಲ. ಮಾತು ಕನ್ನಡ, ಇರುವುದು ಕೇರಳದಲ್ಲಿ. ನನ್ನ ಮಲಯಾಳಂ ರೇಷನ್ ಅಂಗಡಿಗೆ, ಪಂಚಾಯತ್ ಆಫೀಸಿಗೆ ಸಾಕು. ರಾತ್ರಿ ಎರಡು ಗಂಟೆಗೆ ಯಾಕೆ ಎದ್ದು ಕೂರುತ್ತೇನೆ ಅಂತ ಹೇಳಲಿಕ್ಕೆ ಸಾಲುವುದಿಲ್ಲ. ಮೊದಲು ನೋಡಿದ ಕೌನ್ಸೆಲರ್ ಒಳ್ಳೆಯವರೇ, ಆದರೆ ನಾನು ಎಲ್ಲದಕ್ಕೂ ತಲೆಯಾಡಿಸಿ ಬಂದೆ. ಆಮೇಲೆ ಮಂಗಳೂರಿನಲ್ಲಿ ಕನ್ನಡ, ತುಳು ಎರಡೂ ಬರುವವರು ಸಿಕ್ಕಿದರು. ಕೊರೊನಾ ಅಂತ 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದ ಮೇಲೆ ಆಸ್ಪತ್ರೆ ಆಚೆ, ನಾವು ಈಚೆ ಅನ್ನುವ ಹೆದರಿಕೆ ನಮ್ಮಲ್ಲಿ ಸುಮಾರು ಜನರಿಗೆ ಹೊಕ್ಕಿದೆ, ಅದನ್ನು ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅಷ್ಟು ದೂರ ಈಗಲೇ ಬೇಡ ಅಂದರೆ ಮನಸ್ಸಿನ ತೊಂದರೆಗಿರುವ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರಿನಲ್ಲಿ ಶುರು ಆದದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡವೂ ಇದೆ. ಬದುಕೇ ಬೇಡ ಅನಿಸುವಷ್ಟು ಆದರೆ ಕಾಯದೆ ಆವತ್ತೇ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ಮನಸ್ಸಿನ ಡಾಕ್ಟರ ಹತ್ತಿರ ಹೋಗುವಾಗ ಎಂಡೋಸ್ಕೋಪಿ ರಿಪೋರ್ಟು, ಈಗ ತಿನ್ನುವ ಎಲ್ಲ ಮಾತ್ರೆಯ ಸ್ಟ್ರಿಪ್, ಆಯುರ್ವೇದದ ಅರಿಷ್ಟ ಗಿರಿಷ್ಟ ಕುಡಿಯುತ್ತಿದ್ದರೆ ಅದರ ಹೆಸರು, ಒಯ್ಯಿರಿ. ಆತಂಕಕ್ಕೆ ಕೊಡುವ ಕೆಲವು ಮಾತ್ರೆಗಳು ಮೊದಲ ಒಂದೆರಡು ವಾರ ಹೊಟ್ಟೆಯನ್ನೇ ಕೆಡಿಸುತ್ತವೆ, ಓಕರಿಕೆ, ಭೇದಿ ಬರುತ್ತದೆ. ನಮ್ಮಂಥವರು ಮೂರನೇ ದಿನಕ್ಕೇ ಬಿಟ್ಟುಬಿಡುವುದು ಅದಕ್ಕೇ. ಹೊಟ್ಟೆಯ ಕಥೆ ಮೊದಲೇ ಹೇಳಿದರೆ ಅವರು ಇನ್ನೂ ಸಣ್ಣ ಡೋಸಿನಿಂದ ಶುರು ಮಾಡುತ್ತಾರೆ. ಆದರೂ ತಡೆಯಲಿಕ್ಕೆ ಆಗದಿದ್ದರೆ ಬಿಡುವ ಮೊದಲು ಫೋನ್ ಮಾಡಿ ಕೇಳಿ.