ದೊಡ್ಡ ಗಾಡಿಗೆ ದಾರಿ, ಸಣ್ಣ ಗಾಡಿಗೆ ಬುದ್ಧಿಮಾತು

ಪತ್ರ: "ಮಾನ್ಯ ಸಂಪಾದಕರೇ, ನಾನು ಆಲ್ದೂರು ಕಡೆಯ ಕಾಫಿ ಬೆಳೆಗಾರ, ನಿಮ್ಮ ಮಾಸಪತ್ರಿಕೆಯ ಹಳೆಯ ಚಂದಾದಾರ. ಚಿಕ್ಕಮಗಳೂರಿನ ರಸ್ತೆಗಳಲ್ಲಿ ಈಚೆಗೆ ಗೊಂಬೆ ಗಾಡಿಗಳ ಹಾವಳಿ ಹೆಚ್ಚಾಗಿದೆ. ನಿವೃತ್ತ ಪ್ರಾಧ್ಯಾಪಕರೊಬ್ಬರು ರೇವಾ ಎಂಬ ಹಳೆಯ ಪುಟ್ಟ ಬ್ಯಾಟರಿ ಕಾರು ತಂದುಕೊಂಡು ಮಹಾತ್ಮ ಗಾಂಧಿ ರಸ್ತೆಯಲ್ಲಿ ಮೆರವಣಿಗೆಯ ವೇಗದಲ್ಲಿ ಹೋಗುತ್ತಿರುತ್ತಾರೆ. ಟಿಲ್ಲರಿಗೆ ಟ್ರೇಲರ್ ಕಟ್ಟಿಕೊಂಡು ಬರುವವರು, ಹಾಲಿನ ಕ್ಯಾನು ನೇತುಹಾಕಿಕೊಂಡ ಮೊಪೆಡ್ಡಿನವರು, ಸದ್ದಿಲ್ಲದೆ ಪಕ್ಕಕ್ಕೆ ಬರುವ ಬ್ಯಾಟರಿ ಆಟೊಗಳು ಬೇರೆ. ಒಂದು ಗುದ್ದಿಗೆ ಹಪ್ಪಳವಾಗುವ ಇವುಗಳಿಗೆ ಮುಖ್ಯರಸ್ತೆಯಲ್ಲಿ ಏನು ಕೆಲಸ? ಇವನ್ನು ದೂರವಿಡುವಂತೆ ಸಾರಿಗೆ ಇಲಾಖೆಯನ್ನು ಎಚ್ಚರಿಸಿ ತಾವೊಂದು ಸಂಪಾದಕೀಯ ಬರೆಯಬೇಕು."

ಸಂಪಾದಕರ ಉತ್ತರ:

ಮಾನ್ಯರೇ, ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ನನ್ನದು ಮೊಪೆಡ್ ಎಂಬುದು ಹಾಸನದಲ್ಲಿ ಎಲ್ಲರಿಗೂ ಗೊತ್ತು. ಆಲ್ದೂರಿಗೆ ಆ ಸುದ್ದಿ ಮುಟ್ಟಿದಂತಿಲ್ಲ. ಮುಟ್ಟಿದ್ದರೆ ಈ ಪತ್ರವನ್ನು ಬೇರೆ ಪತ್ರಿಕೆಗೆ ಬರೆಯುತ್ತಿದ್ದಿರಿ.

ನಿಮ್ಮ ಪಾಲಿನ ನ್ಯಾಯವನ್ನು ಮೊದಲೇ ಒಪ್ಪಿಸಿಬಿಡುತ್ತೇನೆ, ಅದು ಬೇಗ ಮುಗಿಯುತ್ತದೆ. ಸಣ್ಣ ಗಾಡಿಯೊಳಗೆ ಕುಳಿತವರಿಗೆ ಅಪಾಯ ಹೆಚ್ಚು, ನಿಜ. 2014ರಲ್ಲಿ, ವಾಹನಗಳ ಸುರಕ್ಷತೆ ಪರೀಕ್ಷಿಸುವ ಯುರೋ ಎನ್‌ಕ್ಯಾಪ್ ಸಂಸ್ಥೆಯವರು ನಾಲ್ಕು ಕ್ವಾಡ್ರಿಸೈಕಲ್‌ಗಳನ್ನು (ಕಾರಿಗಿಂತ ಹಗುರವಾದ ನಾಲ್ಕು ಚಕ್ರದ ಗಾಡಿಗಳನ್ನು) ಡಿಕ್ಕಿ ಹೊಡೆಸಿ ನೋಡಿ ಮುಖ ಸಿಂಡರಿಸಿದರು. ಅದೇ ವರ್ಷ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನಮ್ಮ ಟಾಟಾ ನ್ಯಾನೊಗೆ ಸುರಕ್ಷತೆಯ ಒಂದು ನಕ್ಷತ್ರವೂ ಬರಲಿಲ್ಲ. ಟಿಲ್ಲರಿನ ವಿಷಯದಲ್ಲೂ ನಿಮ್ಮ ಭಯ ಸುಳ್ಳಲ್ಲ. ಕಡಿದಾದ ಇಳಿಜಾರಿನಲ್ಲಿ, ಸಮತಟ್ಟಿನಲ್ಲಿ ಆಗುವುದಕ್ಕೆ ತದ್ವಿರುದ್ಧವಾಗಿ, ಅದರ ಎಡಗೈಯ ಕ್ಲಚ್ ಹಿಡಿದರೆ ಗಾಡಿ ಬಲಕ್ಕೆ ಹೊರಳುತ್ತದೆ, ಬಲಗೈಯದು ಹಿಡಿದರೆ ಎಡಕ್ಕೆ. ಹೊಸಬರು ತೋಟದ ದಾರಿಯಲ್ಲಿ ಮಗುಚಿಕೊಳ್ಳುವುದು ಹೀಗೆಯೇ. ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ರಾತ್ರಿ ಹೆದ್ದಾರಿಗೆ ಬರುವ ಟ್ರೇಲರುಗಳನ್ನು ಪೊಲೀಸರು ನಿಲ್ಲಿಸಿದರೆ ನನ್ನದೇನೂ ತಕರಾರಿಲ್ಲ. ಇಷ್ಟು ನಿಮ್ಮದು.

ಉಳಿದದ್ದೆಲ್ಲ ನನ್ನದು. ಹಪ್ಪಳದ ಮಾತೆತ್ತಿದಿರಿ, ಗುದ್ದುವವರ ಮಾತೆತ್ತಲಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1.68 ಲಕ್ಷ ಜನ ಸತ್ತರು. ಅವರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು, ಶೇ 19ಕ್ಕೂ ಹೆಚ್ಚು ಮಂದಿ ನಡೆದುಹೋಗುತ್ತಿದ್ದವರು. ಇವರ ಮೈಸುತ್ತ ಯಾವ ತಗಡೂ ಇರಲಿಲ್ಲ. ಪ್ರೌಢಶಾಲೆಯ ಸೂತ್ರ ನೆನಪಿಸಿಕೊಳ್ಳಿ: ಓಡುವ ವಸ್ತುವಿನ ಶಕ್ತಿ ತೂಕದ ಜೊತೆಗೆ ಏರುತ್ತದೆ, ವೇಗದ ವರ್ಗದ ಜೊತೆಗೆ ಏರುತ್ತದೆ. ಎರಡು ಟನ್ನಿನ ವಾಹನವೊಂದು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವಾಗ ಹೊತ್ತು ತರುವ ಶಕ್ತಿ, 450 ಕಿಲೋ ತೂಕದ ಗಾಡಿ 40ರಲ್ಲಿ ಬರುವಾಗ ತರುವುದರ ಹತ್ತು ಪಟ್ಟು. ಡೇರಿಗೆ ಹಾಲು ಹಾಕಿ ರಸ್ತೆ ದಾಟುವ ಹೆಂಗಸಿಗೆ ಯಾವುದು ಎದುರಾಗಲಿ ಎಂದು ಹಾರೈಸುತ್ತೀರಿ? ಅಪಾಯ ತಂದವರನ್ನು ಬಿಟ್ಟು ಅಪಾಯಕ್ಕೆ ಸಿಕ್ಕವರನ್ನು ರಸ್ತೆಯಿಂದ ಎಬ್ಬಿಸಿ ಎನ್ನುವುದು, ಕ್ಷಮಿಸಿ, ಜಮೀನ್ದಾರಿಕೆಯ ನ್ಯಾಯ.

ಇನ್ನು ಆ ಪ್ರಾಧ್ಯಾಪಕರ ರೇವಾ. ನೀವು ಗೊಂಬೆ ಎಂದು ಕರೆದದ್ದು ಬೆಂಗಳೂರಿನಲ್ಲಿ ತಯಾರಾದ ಕಾರು. 1994ರಲ್ಲಿ ಮೈನಿ ಸಮೂಹ ಅಮೆರಿಕದ ಕಂಪನಿಯೊಂದರ ಜೊತೆಗೂಡಿ ಕೆಲಸ ಶುರುಮಾಡಿ 2001ರಲ್ಲಿ ಅದನ್ನು ಮಾರುಕಟ್ಟೆಗೆ ಬಿಟ್ಟಿತು. ಉಳಿದ ಕಾರು ಕಂಪನಿಗಳಿಗೆ ಬ್ಯಾಟರಿ ಎಂದರೆ ಹಾರನ್ ಬಾರಿಸುವುದಕ್ಕೆ ಬೇಕಾದ ಸಾಮಾನು ಎಂಬಂತಿದ್ದ ಕಾಲ ಅದು. ಉದ್ದ ಎರಡೂಮುಕ್ಕಾಲು ಮೀಟರಿಗೂ ಕಡಿಮೆ, ಅಗಲ 1.3 ಮೀಟರ್, ಮೂರೂವರೆ ಮೀಟರ್ ತ್ರಿಜ್ಯದಲ್ಲಿ ತಿರುಗಿಬಿಡುತ್ತದೆ. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು, ನಗರದ ದಟ್ಟಣೆ ಶುಲ್ಕದಿಂದ ಅದಕ್ಕೆ ವಿನಾಯಿತಿಯೂ ಇತ್ತು. ಅಲ್ಲಿಯೂ ನಗುವವರಿಗೆ ಬರವಿರಲಿಲ್ಲ. 2010ರಲ್ಲಿ ಮಹೀಂದ್ರ ಆ ಕಂಪನಿಯ ಬಹುಪಾಲು ಷೇರು ಕೊಂಡಿತು. ಈಗ ಎಲ್ಲ ಕಂಪನಿಗಳಿಗೂ ವಿದ್ಯುತ್ತಿನ ಭಕ್ತಿ ಬಂದಿದೆ. ಕಾರೇನೋ ವಿದ್ಯುತ್ತಿನದಾಯಿತು, ಗಾತ್ರ ಮಾತ್ರ ಲಾರಿಯ ಕಡೆಗೆ ನಡೆದಿದೆ.

ಇಂಥ ಗಾಡಿಗಳ ಸೆಳೆತ ಇಂಧನದ ಉಳಿತಾಯ ಮಾತ್ರ ಎಂದುಕೊಂಡರೆ ವಿಷಯದ ಅರ್ಧ ಬಿಟ್ಟಂತೆ. ಸಣ್ಣ ಗಾಡಿಯವರು ಊರಿನ ಮಟ್ಟದಲ್ಲಿ ಕೂರುತ್ತಾರೆ. ಸೊಪ್ಪು ಮಾರುವವಳ ಮುಖ ಅವರಿಗೆ ಕಾಣುತ್ತದೆ, ಅವಳಿಗೂ ಇವರ ಮುಖ ಕಾಣುತ್ತದೆ. "ಎಲ್ಲಿಗೆ ಸಾರ್ ಹೊರಟಿರಿ?" ಎಂದು ಯಾರಾದರೂ ಕೇಳಿದರೆ ಉತ್ತರ ಕೊಡದೆ ಮುಂದೆ ಹೋಗಲು ಬೇಕಾದ ವೇಗವೂ ಅವರಲ್ಲಿಲ್ಲ. ಮಕ್ಕಳು ಓಡಿಬಂದು ಮುಟ್ಟುತ್ತಾರೆ. ಕಪ್ಪು ಗಾಜಿನ ಎತ್ತರದ ವಾಹನವನ್ನು ಯಾವ ಮಗು ಮುಟ್ಟಲು ಹೋಗುತ್ತದೆ ಹೇಳಿ. ಪ್ರಾಧ್ಯಾಪಕರು ನಿಧಾನವಾಗಿ ಹೋಗುತ್ತಾರೆ ಎಂದು ದೂರಿದ್ದೀರಿ. ಹನುಮಂತಪ್ಪ ವೃತ್ತದ ಸುತ್ತಮುತ್ತ ಅದಕ್ಕಿಂತ ವೇಗವಾಗಿ ಹೋಗಬೇಕಾದ ತುರ್ತು ಕೆಲಸ ಆಂಬುಲೆನ್ಸಿನವರನ್ನು ಬಿಟ್ಟು ಇನ್ನಾರಿಗಿದೆ?

ನಾನು ಹುಡುಗನಾಗಿದ್ದಾಗ ನಮ್ಮ ಕಡೆಯ ಡಾಕ್ಟರೊಬ್ಬರ ಬಳಿ ಬಾದಲ್ ಎಂಬ ಮೂರು ಚಕ್ರದ ಕಾರಿತ್ತು. ಅದೂ ಬೆಂಗಳೂರಿನದೇ, ಸಿಪಾನಿಯವರು ಎಪ್ಪತ್ತರ ದಶಕದಲ್ಲಿ ಮಾಡಿದ್ದು. ಮುಂದೆ ಒಂದು ಚಕ್ರ, ಹಿಂದೆ ಎರಡು, 198 ಸಿ.ಸಿ.ಯ ಎಂಜಿನ್, ಫೈಬರ್ ಗ್ಲಾಸಿನ ಮೈ. ಏರು ಬಂದರೆ ಡಾಕ್ಟರು ಒಳಗಿನಿಂದಲೇ ದೇಹ ಮುಂದಕ್ಕೆ ಬಾಗಿಸಿ ಅದಕ್ಕೆ ಧೈರ್ಯ ತುಂಬುತ್ತಿದ್ದರು. ಊರೆಲ್ಲ ನಗುತ್ತಿತ್ತು, ಆದರೆ ಆ ಸದ್ದು ಕೇಳಿದರೆ ಡಾಕ್ಟರು ಯಾವ ಬೀದಿಯಲ್ಲಿದ್ದಾರೆಂದು ಎಲ್ಲರಿಗೂ ತಿಳಿಯುತ್ತಿತ್ತು, ಕಾಯಿಲೆಯವರ ಮನೆಯವರು ರಸ್ತೆಗೆ ಬಂದು ಅಡ್ಡ ನಿಲ್ಲುತ್ತಿದ್ದರು. 1982ರಲ್ಲಿ ಅದೇ ಕಂಪನಿ ಡಾಲ್ಫಿನ್ ಎಂಬ ನಾಲ್ಕು ಚಕ್ರದ ಪುಟ್ಟ ಕಾರು ತಂದಿತು, ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. ಮೈ ಹಗುರವಾದ್ದರಿಂದ ರ್‍ಯಾಲಿಯವರಿಗೆ ಪ್ರಿಯವಾಯಿತು. ಮರುವರ್ಷ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಡಾಲ್ಫಿನ್ನಿನ ಕಥೆ ಅಲ್ಲಿಂದ ಇಳಿಜಾರು. ಇಂದು ಮಾರುತಿ 800 ಕೂಡ ನಿಮ್ಮ ಕಣ್ಣಿಗೆ ಗೊಂಬೆಯಾಗಿಯೇ ಕಂಡೀತು. ಒಂದು ಕಾಲಕ್ಕೆ ಮದುವೆ ಗಂಡಿನ ಜೊತೆ ಆರು ಜನ ಅದರಲ್ಲಿ ಬಂದಿಳಿಯುತ್ತಿದ್ದರು.

ನ್ಯಾನೊ ಸೋತದ್ದರಲ್ಲಿ ಬೆಂಕಿ ಹತ್ತಿದ ಸುದ್ದಿಗಳ ಪಾಲೂ ಇದೆ. ಆದರೆ ಅದನ್ನು ನಿಜವಾಗಿ ಕೊಂದದ್ದು 'ಲಕ್ಷ ರೂಪಾಯಿಯ ಕಾರು' ಎಂಬ ಬಿರುದು ಎಂದೇ ನನ್ನ ನಂಬಿಕೆ. ಅಗ್ಗದ್ದೆಂದು ಊರಿಗೆಲ್ಲ ಗೊತ್ತಿರುವ ವಸ್ತುವನ್ನು ಮನೆ ಮುಂದೆ ನಿಲ್ಲಿಸಲು ನಮ್ಮವರಿಗೆ ನಾಚಿಕೆ. ಸಾಲ ಎಷ್ಟಿದೆಯೆಂದು ಊರಿಗೆ ಗೊತ್ತಿಲ್ಲದ ವಸ್ತುವನ್ನು ನಿಲ್ಲಿಸಲು ಹೆಮ್ಮೆ. ಬಜಾಜ್ ಕಂಪನಿಯ ಕ್ಯೂಟ್ ಎಂಬ ಕ್ವಾಡ್ರಿಸೈಕಲ್ಲಿನ ಕಥೆ ಇನ್ನೂ ವಿಚಿತ್ರ. 216 ಸಿ.ಸಿ., ಗರಿಷ್ಠ ವೇಗ 70. 2012ರಲ್ಲಿ ಮೊದಲ ಮಾದರಿ ತೋರಿಸಿದಾಗಿನಿಂದ ಮೊಕದ್ದಮೆ, ನಿಯಮ, ತಿದ್ದುಪಡಿ ಎಂದು ಅಲೆದು, ಸ್ವಂತ ಬಳಕೆಗೆ ಅನುಮತಿ ಸಿಕ್ಕಿದ್ದು 2018ರಲ್ಲಿ. ಮಳೆಯಲ್ಲಿ ಗಂಡ, ಹೆಂಡತಿ, ನಡುವೆ ಮಗು, ಮುಂದೆ ಇನ್ನೊಂದು ಮಗು ಎಂದು ಬೈಕಿನಲ್ಲಿ ಹೋಗುವುದನ್ನು ನೋಡಿ ಕಣ್ಣು ಮುಚ್ಚಿಕೊಂಡವರೆಲ್ಲ, ಅವರಿಗೊಂದು ಸೂರು ಕೊಡುವ ಗಾಡಿ ಬಂದಾಗ ಸುರಕ್ಷತೆ ಸುರಕ್ಷತೆ ಎಂದು ಕೂಗಿದರು.

ಐವತ್ತರ ದಶಕದ ಯುರೋಪಿನಲ್ಲಿ ಯುದ್ಧದಿಂದ ಕೈ ಬರಿದಾದ ಜನ ಇಸೆಟ್ಟಾದಲ್ಲಿ ಓಡಾಡಿದರು, ಮುಂದಿನ ಮುಖವೇ ಬಾಗಿಲಾಗಿ ತೆರೆದುಕೊಳ್ಳುವ ಕಾರು ಅದು. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ 1962ರಿಂದ ತಯಾರಾದ ಪೀಲ್ ಪಿ50 ಅಂತೂ 137 ಸೆಂಟಿಮೀಟರ್ ಉದ್ದ, 59 ಕಿಲೋ ತೂಕ. ರಿವರ್ಸ್ ಗೇರ್ ಇರಲಿಲ್ಲ, ಹಿಂದೆ ಒಂದು ಹಿಡಿಕೆ ಇತ್ತು, ಇಳಿದು ಎತ್ತಿ ತಿರುಗಿಸಿಕೊಳ್ಳಬೇಕು. ನಮ್ಮ ಸಂತೆಪೇಟೆಯಲ್ಲಿ ಸಂಜೆ ಸಿಕ್ಕಿಬಿದ್ದಾಗಲೆಲ್ಲ ನನಗೆ ಆ ಹಿಡಿಕೆ ನೆನಪಾಗುತ್ತದೆ.

ನಗೆಯಾಟ ಬೇಡವೆನ್ನುವುದಾದರೆ ಜಪಾನಿಗೆ ಬನ್ನಿ. ಅಲ್ಲಿ 1949ರಿಂದಲೇ ಕೇ ಕಾರು ಎಂಬ ವರ್ಗವಿದೆ. ಈಗಿನ ಮಿತಿ: ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎಂಜಿನ್ 660 ಸಿ.ಸಿ. ಈ ಅಳತೆಯೊಳಗೆ ಇದ್ದರೆ ತೆರಿಗೆ ಕಡಿಮೆ, ಹಳ್ಳಿಗಾಡಿನ ಹಲವೆಡೆ ಪಾರ್ಕಿಂಗ್ ಜಾಗದ ದಾಖಲೆಯನ್ನೂ ಮೊದಲೇ ತೋರಿಸಬೇಕಾಗಿಲ್ಲ. ಅಲ್ಲಿನ ರೈತರು ಗದ್ದೆಯ ಬದುವಿನವರೆಗೆ ಒಯ್ಯುವುದು ಇದೇ ಅಳತೆಯ ಪುಟ್ಟ ಟ್ರಕ್ಕನ್ನು. ನಮ್ಮಲ್ಲೂ 2006ರ ಬಜೆಟ್ಟಿನಲ್ಲಿ ಸಣ್ಣ ಕಾರಿಗೆ ತೆರಿಗೆ ರಿಯಾಯಿತಿ ಬಂತು, ಆದರೆ ಅಳೆದದ್ದು ಎಂಜಿನ್ನನ್ನು ಮತ್ತು ಉದ್ದವನ್ನು, ನಾಲ್ಕು ಮೀಟರಿನೊಳಗೆ ಎಂದು. ಅಗಲಕ್ಕೂ ತೂಕಕ್ಕೂ ಎತ್ತರಕ್ಕೂ ಟೇಪು ಹಿಡಿಯಲಿಲ್ಲ. ಪರಿಣಾಮ ನೋಡಿದ್ದೀರಿ: ಬಾಲ ಕತ್ತರಿಸಿಕೊಂಡು ಎದೆ ಉಬ್ಬಿಸಿದ ಕಾರುಗಳು. ಬೇಲೂರು ದಾರಿಯಲ್ಲಿ ಎದುರಾಗುವುದು ಅಗಲವೇ ಹೊರತು ಉದ್ದವಲ್ಲ.

ಮೊಪೆಡ್ಡಿನವರ ಬಗ್ಗೆ ನೀವು ಆಡಿದ ಮಾತು ನನಗೆ ಹೆಚ್ಚು ನೋವಾಯಿತು. 1972ರಲ್ಲಿ ಲೂನಾ, 1980ರಲ್ಲಿ ಹೊಸೂರಿನಿಂದ ಟಿವಿಎಸ್ 50. ಇವೆರಡು ಬಾರದೆ ಇದ್ದಿದ್ದರೆ ನಮ್ಮ ಜಿಲ್ಲೆಗಳಲ್ಲಿ ಹಾಲು ಡೇರಿಗೆ, ತರಕಾರಿ ಸಂತೆಗೆ, ಅಂಚೆ ಮನೆಗೆ ಹೇಗೆ ಮುಟ್ಟುತ್ತಿತ್ತೋ ದೇವರೇ ಬಲ್ಲ. ಬೆಳಗಿನ ಜಾವ ಕಟ್ಟಿನಕೆರೆ ಮಾರುಕಟ್ಟೆಗೆ ಬಂದು ನೋಡಿ. ಮೊಪೆಡ್ಡಿನ ಮುಂದಿನ ಬಯಲಿನಲ್ಲಿ ಒಂದು ಆಲೂಗೆಡ್ಡೆ ಮೂಟೆ, ಹಿಂದೆ ಇನ್ನೊಂದು, ಮೇಲೊಂದು ಕೊತ್ತಂಬರಿ ಕಂತೆ, ಇವೆಲ್ಲದರ ನಡುವೆ ಎಲ್ಲೋ ಓಡಿಸುವವರು. ಎರಡು ಟನ್ನಿನ ನಿಮ್ಮ ವಾಹನದಲ್ಲಿ ಪೇಟೆಗೆ ಬರುವುದು ಬಹುತೇಕ ನೀವೊಬ್ಬರೇ. ತನ್ನ ತೂಕಕ್ಕಿಂತ ಹೆಚ್ಚು ಹೊರುವುದು ಯಾವುದು, ತನ್ನನ್ನೇ ಹೊತ್ತುಕೊಂಡು ಸುಸ್ತಾಗುವುದು ಯಾವುದು, ಲೆಕ್ಕ ಹಾಕಿ.

ಟಿಲ್ಲರನ್ನಂತೂ ಬೆಳೆಗಾರರಾದ ನೀವೇ ಹೀಗಳೆಯಬಾರದಿತ್ತು. ಹದಿಮೂರು ಅಶ್ವಶಕ್ತಿಯ ಆ ಯಂತ್ರ ಗದ್ದೆ ಉತ್ತು, ಸಂಜೆ ಟ್ರೇಲರ್ ಕಟ್ಟಿಕೊಂಡು ಗೊಬ್ಬರ ತಂದು, ಮಳೆಗಾಲದಲ್ಲಿ ಜೀಪು ಹೂತ ಕಡೆಯಿಂದ ಹಣ್ಣಿನ ಮೂಟೆ ಹೊರಗೆ ತರುತ್ತದೆ. ನಿಮ್ಮ ಕಾಫಿ ಕಣಕ್ಕೆ ಬಂದದ್ದು ಯಾವುದರ ಬೆನ್ನ ಮೇಲೆ ಎಂದು ನಿಮ್ಮ ಮೇಸ್ತ್ರಿಯನ್ನು ಕೇಳಿದರೆ ಹೇಳುತ್ತಾರೆ.

ನಮ್ಮ ಪತ್ರಿಕೆಗಳಲ್ಲಿ (ನನ್ನದನ್ನೂ ಸೇರಿಸಿ) ಒಂದು ಹಳೆಯ ಚಾಳಿಯಿದೆ. ಹಳ್ಳಿಯ ಹುಡುಗನೊಬ್ಬ ಗುಜರಿಯ ಸ್ಕೂಟರ್ ಎಂಜಿನ್ನಿನಿಂದ ಮೂರು ಚಕ್ರದ ಗಾಡಿ ಮಾಡಿದರೆ ಫೋಟೊ ಹಾಕಿ 'ಗ್ರಾಮೀಣ ಪ್ರತಿಭೆ' ಎನ್ನುತ್ತೇವೆ. ಅದನ್ನು ಅವನು ರಸ್ತೆಗೆ ತಂದ ದಿನ ಜಪ್ತಿ. ಹೊಸ ಮಾದರಿಯ ವಾಹನಕ್ಕೆ ಪುಣೆಯ ಎಆರ್‌ಎಐನಂಥ ಸಂಸ್ಥೆಯ ಪರೀಕ್ಷೆ, ಪ್ರಮಾಣಪತ್ರ ಬೇಕು. ಕಾರ್ಖಾನೆಯವರಿಗೆ ಸರಿ, ಒಂದೇ ಗಾಡಿ ಮಾಡಿದವನಿಗೆ ಆ ಖರ್ಚು ಎಲ್ಲಿಂದ? ಇದ್ದ ವಾಹನವನ್ನು ತಯಾರಕರ ವಿವರಣೆಗೆ ವಿರುದ್ಧವಾಗಿ ಮಾರ್ಪಡಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಬ್ರಿಟನ್ನಿನಲ್ಲಿ ಮನೆಯಲ್ಲೇ ಕಟ್ಟಿದ ಒಂಟಿ ಕಾರನ್ನೂ ಪರೀಕ್ಷಿಸಿ ನೋಂದಾಯಿಸುವ ವ್ಯವಸ್ಥೆ ಇದೆ. ನಮ್ಮಲ್ಲಿ ಪ್ರತಿಭೆಗೆ ಶಾಲು ಇದೆ, ನಂಬರ್ ಪ್ಲೇಟ್ ಇಲ್ಲ.

ಮಾತು ಎಲ್ಲಿಗೋ ಹೋಯಿತು, ಹೋಗಲಿ, ಪತ್ರಿಕೆ ನನ್ನದೇ. ಮುಳ್ಳಯ್ಯನಗಿರಿಗೆ ರಜೆಯ ದಿನ ಹೋಗಿ ಬಂದವರನ್ನು ಕೇಳಿ. ಆ ರಸ್ತೆ ಜೀಪುಗಳ ಅಳತೆಯದು; ಎದುರುಬದುರಾದ ಎರಡು ಬೃಹತ್ ಕಾರುಗಳು ಹಿಂದೆ ಸರಿಯುವ ಮಾನ ಯಾರದೆಂದು ನಿರ್ಧರಿಸುವಷ್ಟರಲ್ಲಿ ಕೈಮರದ ಚೆಕ್‌ಪೋಸ್ಟ್ ಕಡೆಗೆ ಸಾಲು ಬೆಳೆದಿರುತ್ತದೆ. ಮುಂಗಡ ನೋಂದಣಿ, ಸಂಖ್ಯೆಯ ಮಿತಿ ಎಲ್ಲ ಬಂದಿದೆ, ಒಳ್ಳೆಯದೇ. ಆದರೂ ಮೊದಲು ಕೇಳಿಬರುವ ಬೇಡಿಕೆ ಯಾವುದು? ರಸ್ತೆ ಅಗಲ ಮಾಡಿ. ಗುಡ್ಡ ಕಡಿಯಿರಿ, ಮರ ಕಡಿಯಿರಿ, ಅಂಗಡಿ ಮುರಿಯಿರಿ, ಫುಟ್‌ಪಾತ್ ಕಿತ್ತುಹಾಕಿ. ಗಾಡಿಯನ್ನು ಒಂದಡಿ ಕಿರಿದು ಮಾಡಿ ಎಂದು ಒಬ್ಬರೂ ಮನವಿ ಕೊಟ್ಟದ್ದು ನಾನು ಕೇಳಿಲ್ಲ. ಚಾರ್ಮಾಡಿ, ಶಿರಾಡಿಗಳಲ್ಲಿ ಮಳೆಗಾಲದ ಕುಸಿತ ನೋಡಿದ ಮೇಲೂ ನಮಗೆ ಬೆಟ್ಟ ಎಂದರೆ ರಸ್ತೆಗೆ ಅಡ್ಡ ಬಂದ ಮಣ್ಣು. ಹಾಸನದಲ್ಲಿ ಹೆಂಗಸರು, ಮುದುಕರು, ಶಾಲೆಯ ಮಕ್ಕಳು ಬಿ.ಎಂ. ರಸ್ತೆಯ ಅಂಚಿನಲ್ಲಿ ಚರಂಡಿಯ ಕಲ್ಲುಗಳ ಮೇಲೆ ಸರ್ಕಸ್ಸು ಮಾಡುತ್ತ ನಡೆಯುತ್ತಾರೆ. ಅವರ ಪರವಾಗಿ ಸಾರಿಗೆ ಇಲಾಖೆಗೆ ಪತ್ರ ಬರೆಯುವ ಚಂದಾದಾರರು ನನಗೆ ಇನ್ನೂ ಸಿಕ್ಕಿಲ್ಲ.

ಪ್ಯಾರಿಸ್ಸಿನಲ್ಲಿ 2024ರ ಫೆಬ್ರವರಿಯಲ್ಲಿ ಮತ ಹಾಕಿಸಿದರು: 1.6 ಟನ್ನಿಗಿಂತ ಭಾರದ ಕಾರನ್ನು ಹೊರಗಿನಿಂದ ತಂದು ನಿಲ್ಲಿಸುವವರು ಮೂರು ಪಟ್ಟು ಪಾರ್ಕಿಂಗ್ ಶುಲ್ಕ ಕೊಡಬೇಕೇ ಎಂದು. ಮತಗಟ್ಟೆಗೆ ಬಂದವರು ಬಹಳ ಕಡಿಮೆ, ಅದನ್ನೂ ಹೇಳಬೇಕು. ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೌದು ಎಂದರು.

ನೀವು ಕೇಳಿದ ಸಂಪಾದಕೀಯವನ್ನು ನಾನು ಬರೆಯುವುದಿಲ್ಲ. ಬರುವ ಸಂಚಿಕೆಯಲ್ಲಿ ಬೇರೊಂದನ್ನು ಬರೆಯುತ್ತೇನೆ: ಹಾಸನ, ಚಿಕ್ಕಮಗಳೂರುಗಳ ಪೇಟೆಬೀದಿಗಳಲ್ಲಿ ಪಾರ್ಕಿಂಗ್ ಶುಲ್ಕವನ್ನು ವಾಹನದ ಅಗಲ, ತೂಕ ನೋಡಿ ನಿಗದಿ ಮಾಡಬೇಕು, ರೇವಾ, ಕ್ಯೂಟ್, ಮೊಪೆಡ್ಡುಗಳಿಗೆ ಪುಕ್ಕಟೆ ಬಿಡಬೇಕು ಎಂದು. ನಿಮಗೆ ಆಕ್ಷೇಪವಿದ್ದರೆ ಇನ್ನೂರು ಪದ ಮೀರದಂತೆ ಕಳುಹಿಸಿ. ಈ ಬಾರಿ ಹೆಸರು ಹಾಕಲೇಬೇಕಾಗುತ್ತದೆ.

– ಸಂ.