ಹಗ್ಗ ಯಾಕೆ ಬಿಟ್ಟ?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ. ರಜೆಯಲ್ಲಿ ‘ಗ್ರಾವಿಟಿ’, ‘ಇಂಟರ್‌ಸ್ಟೆಲ್ಲರ್’, ‘ದಿ ಮಾರ್ಷಿಯನ್’ ಮೂರನ್ನೂ ನೋಡಿದೆ. ವಿಜ್ಞಾನದ ಮಟ್ಟಿಗೆ ಯಾವುದು ಗಟ್ಟಿ, ಯಾವುದು ಟೊಳ್ಳು? ಸಿನಿಮಾ ನೋಡಿದ್ರೆ ಫಿಸಿಕ್ಸ್ ಬರಲ್ಲ ಅಂತಾರೆ ಅಪ್ಪ.
– ವಿದ್ಯಾರ್ಥಿನಿ, ಶಿರಸಿ

ಉತ್ತರ: ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿದವನು ನಾನು. ನನ್ನ ಪಕ್ಕ ಕೂತು ಇಂಥ ಸಿನಿಮಾ ನೋಡೋಕೆ ನಮ್ಮ ಮನೆಯವರು ಒಪ್ಪೋದಿಲ್ಲ. ಮಧ್ಯೆ ಮಧ್ಯೆ ಗೊಣಗ್ತೀನಂತೆ.

2013ರ ‘ಗ್ರಾವಿಟಿ’ಯಲ್ಲಿ ನನಗೆ ತುಂಬಾ ಹಿಡಿಸಿದ್ದು ಮೌನ. ಬಾಹ್ಯಾಕಾಶದಲ್ಲಿ ಚೂರುಗಳು ಬಂದು ಅಪ್ಪಳಿಸುತ್ತವೆ, ಹೊಡೆತದ ಸದ್ದು ಮಾತ್ರ ಇಲ್ಲ. ಗಾಳಿಯೇ ಇಲ್ಲದ ಕಡೆ ಸದ್ದು ಎಲ್ಲಿಂದ ಬರಬೇಕು? ಇಷ್ಟು ಶಿಸ್ತಿನವರು ಹಗ್ಗದ ದೃಶ್ಯದಲ್ಲಿ ಕೈಕೊಟ್ಟರು. ನೆನಪಿದೆಯಲ್ವಾ? ನಾಯಕಿಯ ಕಾಲು ಪ್ಯಾರಾಚೂಟ್ ದಾರಗಳಿಗೆ ಸಿಕ್ಕಿಕೊಂಡಿದೆ. ಕೈಯಲ್ಲಿ ಸಂಗಾತಿಯ ಹಗ್ಗ. ಅವನು ಬಾವಿಗೆ ಜೋತುಬಿದ್ದವನ ಹಾಗೆ ಅವಳನ್ನು ಎಳೆಯುತ್ತಿದ್ದಾನೆ, ಕೊನೆಗೆ ತಾನೇ ಕೊಂಡಿ ಕಳಚಿಕೊಂಡು ಹೋಗಿಬಿಡುತ್ತಾನೆ. ಆದರೆ ಅಲ್ಲಿ ‘ಕೆಳಗೆ’ ಅನ್ನೋದೇ ಇಲ್ಲ ಮಗಳೇ. ಹಗ್ಗ ಬಿಗಿಯಾಗಿ ಇಬ್ಬರೂ ನಿಂತ ಮೇಲೆ ಅವನನ್ನು ಆಚೆಗೆ ಎಳೆಯೋದು ಯಾವುದು? ಎರಡು ಬೆರಳಲ್ಲಿ ಮೆಲ್ಲಗೆ ಎಳೆದಿದ್ದರೂ ತೇಲಿಕೊಂಡು ವಾಪಸ್ ಬರುತ್ತಿದ್ದ. ಪಾಪ, ಸುಮ್ನೆ ಸತ್ತ.

‘ದಿ ಮಾರ್ಷಿಯನ್’ (2015) ಕೂಡ ಸುಳ್ಳು ಹೇಳುತ್ತೆ, ಅದೂ ಶುರುವಿನಲ್ಲೇ. ಮಂಗಳನ ಗಾಳಿಯ ಒತ್ತಡ ನಮ್ಮಲ್ಲಿನ ನೂರರಲ್ಲಿ ಒಂದು ಪಾಲೂ ಇಲ್ಲ. ಅಲ್ಲಿನ ಬಿರುಗಾಳಿ ಎಷ್ಟೇ ಜೋರಾಗಿ ಬೀಸಿದರೂ ರಾಕೆಟ್ ಉರುಳಿಸುವಷ್ಟು ಕಸುವು ಅದಕ್ಕಿಲ್ಲ. ಆದರೂ ನಾನು ಮಾಫಿ ಮಾಡಿದೆ. ನಾಯಕನನ್ನು ಅಲ್ಲಿ ಒಂಟಿ ಮಾಡೋಕೆ ಒಂದು ನೆಪ ಬೇಕಿತ್ತು, ತಗೊಂಡರು. ಆಮೇಲೆ ನಡೆಯೋದೆಲ್ಲ ಲೆಕ್ಕದ ಆಟ. ಇಷ್ಟು ದಿನಕ್ಕೆ ಇಷ್ಟು ಆಲೂಗಡ್ಡೆ, ಅದಕ್ಕೆ ಇಷ್ಟು ನೀರು. ರಾಕೆಟ್ ಇಂಧನದಿಂದ ಹೈಡ್ರೋಜನ್ ತೆಗೆದು, ಸುಟ್ಟು ನೀರು ಮಾಡಲು ಹೋಗಿ ಢಂ ಅನ್ನಿಸಿಕೊಳ್ಳುತ್ತಾನಲ್ಲ, ಯಾಕೆ ಹೇಳು? ತಾನು ಬಿಟ್ಟ ಉಸಿರಿನಲ್ಲೂ ಆಕ್ಸಿಜನ್ ಉಳಿದಿರುತ್ತೆ ಅನ್ನೋದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಲ್ಯಾಬಿನಲ್ಲಿ ನನ್ನ ಹುಡುಗರು ಮಾಡುತ್ತಿದ್ದುದೂ ಇಂಥದೇ ತಪ್ಪು. ಮೂರರಲ್ಲಿ ನನ್ನ ವೋಟು ಇದಕ್ಕೇ.

‘ಇಂಟರ್‌ಸ್ಟೆಲ್ಲರ್’ (2014) ನೋಡೋಕೆ ಚೆಂದ. ಅದರ ಕಪ್ಪುಕುಳಿಗೆ (ಬೆಳಕನ್ನೂ ಹೊರಬಿಡದಷ್ಟು ಗುರುತ್ವ ಇರೋ ಕಾಯ) ಸಮೀಕರಣ ಕೊಟ್ಟವರು ಕಿಪ್ ಥಾರ್ನ್. 2017ರಲ್ಲಿ ನೊಬೆಲ್ ಪಡೆದ ವಿಜ್ಞಾನಿ ಅವರು. ಕಪ್ಪುಕುಳಿಯನ್ನು ಸುತ್ತುವ ಬಿಸಿ ಅನಿಲದ ತಟ್ಟೆಯಲ್ಲಿ ನಮ್ಮ ಕಡೆ ಬರುವ ಭಾಗ ಜಾಸ್ತಿ ಬೆಳಗಬೇಕಿತ್ತು. ನೋಡುವವರಿಗೆ ಗೊಂದಲ ಆದೀತು ಅಂತ ಗೊತ್ತಿದ್ದೇ ಬಿಟ್ಟರು. ಅದು ದೊಡ್ಡ ವಿಷಯವಲ್ಲ. ನನಗೆ ಸಹಿಸೋಕಾಗದ್ದು ಪಾತ್ರಗಳ ಪಾಠ. ಎರಡು ವರ್ಷ ಪ್ರಯಾಣ ಮಾಡಿ ಶನಿಯ ಹತ್ತಿರ ಬಂದ ಮೇಲೆ, ಪೈಲಟ್‌ಗೆ ಕಾಗದ ಮಡಚಿ ವರ್ಮ್‌ಹೋಲ್ (ದೂರದ ಎರಡು ಜಾಗ ಜೋಡಿಸುವ ಬಾಹ್ಯಾಕಾಶದ ಅಡ್ಡದಾರಿ) ಅಂದ್ರೇನು ಅಂತ ಹೇಳಿಕೊಡುತ್ತಾರೆ! ಹೊರಡುವ ಮುಂಚೆ ಯಾರೂ ಹೇಳಿರಲಿಲ್ವಾ?

ಅಪ್ಪನ ಮಾತಿಗೆ ಬರೋಣ. ಹಗ್ಗದ ದೃಶ್ಯ ಬಂದಾಗ ಸಿನಿಮಾ ನಿಲ್ಲಿಸು. ಇಬ್ಬರ ಮೇಲೂ ಬೀಳುವ ಬಲಗಳನ್ನು ಬಾಣ ಹಾಕಿ ಬರಿ. ಆಮೇಲೆ ಆ ಹಾಳೆಯನ್ನು ಅಪ್ಪನ ಕೈಗೆ ಕೊಡು.