ಕೈತೋಟಕ್ಕೆ ಬರುವ ಸಿಪಿಲೆಗಳಲ್ಲಿ ಯಾವುದು ಯಾವುದು?

ಬಾಗಲಕೋಟೆಯ ನವನಗರದಲ್ಲಿರುವ ನಿಮ್ಮ ಮನೆಯ ಹಿತ್ತಲಲ್ಲಿ, ನೀರಿನ ಟಾಕಿ ತುಂಬಿ ಹರಿಯುವ ಜಾಗದಲ್ಲಿ, ಈ ಡಿಸೆಂಬರಿನಲ್ಲಿ ಬಾಲ ಕುಣಿಸುತ್ತ ಓಡಾಡುವ ಮೂರು ಹಕ್ಕಿಗಳನ್ನು ಕಂಡಿರುವುದಾಗಿ ಬರೆದಿದ್ದೀರಿ. ಕಪ್ಪು-ಬಿಳಿಯದು ಗಂಡು, ಬೂದು-ಬಿಳಿಯದು ಹೆಣ್ಣು, ಹಳದಿ ಹೊಟ್ಟೆಯದು ಅವುಗಳ ಮರಿ ಇರಬಹುದೇ ಎಂಬುದು ನಿಮ್ಮ ಪ್ರಶ್ನೆ. ಹಾಗಲ್ಲ; ಅವು ಒಂದೇ ಸಂಸಾರದ ಹಕ್ಕಿಗಳಲ್ಲ. ಪುಸ್ತಕಗಳಲ್ಲಿ ಸಿಪಿಲೆ ಎಂದೂ ಕೆಲವು ಕಡೆ ಕುಂಡೆಕುಸ್ಕ ಎಂದೂ ಕರೆಯುವ ಈ ಗುಂಪಿನಲ್ಲಿ ನಮ್ಮ ಕಡೆ ಐದು ಜಾತಿಗಳನ್ನು ಕಾಣಬಹುದು, ಮತ್ತು ಅವುಗಳಲ್ಲಿ ಒಂದು ಮಾತ್ರ ವರ್ಷವಿಡೀ ಇಲ್ಲೇ ಇರುತ್ತದೆ.

ಹಾಗೆ ಇಲ್ಲೇ ಇರುವುದು ಬಿಳಿ ಹುಬ್ಬಿನ ಸಿಪಿಲೆ. ನಿಮ್ಮ ಕಪ್ಪು-ಬಿಳಿ ಹಕ್ಕಿ ಅದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಸುಮಾರು 21 ಸೆಂಟಿಮೀಟರ್ ಉದ್ದವಿರುವ ಇದು ಸಿಪಿಲೆಗಳಲ್ಲೆಲ್ಲ ದೊಡ್ಡದು. ತಲೆ, ಬೆನ್ನು, ಗಂಟಲು, ಎದೆ ಎಲ್ಲವೂ ಕಪ್ಪಾಗಿದ್ದು, ಕೊಕ್ಕಿನ ಬುಡದಿಂದ ಕಣ್ಣಿನ ಹಿಂದಿನವರೆಗೆ ಸುಣ್ಣದಿಂದ ಎಳೆದಂತಹ ಬಿಳಿ ಹುಬ್ಬು ಇರುತ್ತದೆ. ಭಾರತ ಉಪಖಂಡದ ಹೊರಗೆ ಇದು ಗೂಡು ಕಟ್ಟುವುದಿಲ್ಲ. 1789ರಲ್ಲಿ ಜರ್ಮನ್ ನಿಸರ್ಗ ವಿಜ್ಞಾನಿ ಗ್ಮೆಲಿನ್ ಇದಕ್ಕೆ ಕೊಟ್ಟ ವೈಜ್ಞಾನಿಕ ಹೆಸರಿನ ಅರ್ಥವೇ ‘ಮದ್ರಾಸಿನದು’ ಎಂದು. ಮಾರ್ಚಿನಿಂದ ಸೆಪ್ಟೆಂಬರಿನವರೆಗೆ ನೀರಿನ ಸಮೀಪದ ಗೋಡೆಯ ಸಂದು, ಸೇತುವೆಯ ತಳ, ಮಾಳಿಗೆಯ ಮೂಲೆಗಳಲ್ಲಿ ಗೂಡು ಮಾಡುತ್ತದೆ. ಬೇಸಿಗೆಯ ಬೆಳಗಿನ ಜಾವ ಮಾಳಿಗೆಯ ತುದಿಯಲ್ಲಿ ಕುಳಿತು ಇಂಪಾಗಿ ಸಿಳ್ಳೆ ಹಾಕುವ ಹಕ್ಕಿಯನ್ನು ಮಡಿವಾಳ ಹಕ್ಕಿ ಎಂದು ಭಾವಿಸುವವರು ಬಹಳ. ಅದಕ್ಕೂ ಕಪ್ಪು-ಬಿಳಿ ಬಣ್ಣವೇ ಇದ್ದರೂ ಹುಬ್ಬು ಇರುವುದಿಲ್ಲ, ಮತ್ತು ಅದು ನೆಲದ ಮೇಲೆ ಕುಪ್ಪಳಿಸುತ್ತದೆ. ಸಿಪಿಲೆ ಹೆಜ್ಜೆ ಹಾಕಿ ನಡೆಯುತ್ತದೆ, ಓಡುತ್ತದೆ.

ಬೂದು-ಬಿಳಿ ಹಕ್ಕಿಯ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು, ಏಕೆಂದರೆ ಇಲ್ಲಿ ನಾನೇ ಎರಡು ವರ್ಷ ತಪ್ಪು ಮಾಡಿದ್ದೇನೆ. ಬೆಳಗಾವಿಯ ನಮ್ಮ ಮನೆಯ ಹಿಂದೆ ಪಾತ್ರೆ ತೊಳೆಯುವ ಪರಸಿಯ ಮೇಲೆ ಆಗಸ್ಟಿನಲ್ಲಿ ಬರುತ್ತಿದ್ದ ಬೂದು ಹಕ್ಕಿಯನ್ನು ನಾನು, ಚಳಿಗಾಲಕ್ಕೆ ಮಾತ್ರ ಬರುವ ಇನ್ನೊಂದು ಜಾತಿಯಾದ ಬಿಳಿ ಸಿಪಿಲೆ ಎಂದು ಬರೆದಿಡುತ್ತಿದ್ದೆ. ಒಂದು ದಿನ ಕಪ್ಪು-ಬಿಳಿ ಹಕ್ಕಿಯೊಂದು ಹುಳು ತಂದು ಅದರ ಬಾಯಿಗೆ ಇಟ್ಟಾಗ, ಅದು ಬಿಳಿ ಹುಬ್ಬಿನ ಸಿಪಿಲೆಯ ಮರಿ ಎಂಬುದು ತಿಳಿಯಿತು. ಆ ಮರಿಗಳಲ್ಲಿ ಕಪ್ಪಿರಬೇಕಾದ ಕಡೆಯೆಲ್ಲ ಕಂದು ಮಿಶ್ರಿತ ಬೂದು ಬಣ್ಣವಿರುತ್ತದೆ. ಹೆಣ್ಣಿನ ಕಪ್ಪು ಕೂಡ ಗಂಡಿನಷ್ಟು ಗಾಢವಾಗಿರುವುದಿಲ್ಲ. ಅಂದಿನಿಂದ ನಾನು ಮೊದಲು ನೋಡುವುದು ಹಣೆಯನ್ನು. ಬಿಳಿ ಹುಬ್ಬಿನ ಸಿಪಿಲೆಯಲ್ಲಿ ಎರಡು ಹುಬ್ಬುಗಳ ನಡುವಿನ ಹಣೆ ಕಪ್ಪು, ಮರಿಯಲ್ಲಾದರೆ ಬೂದು. ಬೆಳೆದ ಬಿಳಿ ಸಿಪಿಲೆಯಲ್ಲಿ ಹಣೆಯೇ ಬಿಳಿ, ಆ ಬಿಳುಪು ಕೆನ್ನೆಯತ್ತ ಹರಡಿ ಇಡೀ ಮುಖ ಬಿಳಿಯಾಗಿ ಕಾಣುತ್ತದೆ. ಚಳಿಗಾಲದಲ್ಲಿ ಅದರ ಗಂಟಲು ಬಿಳಿಯಾಗಿದ್ದು ಎದೆಯ ಮೇಲೆ ಕಪ್ಪು ಅರ್ಧಚಂದ್ರ ಮಾತ್ರ ಉಳಿದಿರುತ್ತದೆ. ಮಾರ್ಚಿನ ಹೊತ್ತಿಗೆ ಗಂಟಲು ಮತ್ತೆ ಕಪ್ಪಾಗತೊಡಗುವುದರಿಂದ ಗಂಟಲಿನ ಬಣ್ಣವನ್ನೇ ನಂಬಿ ಕೂರಬಾರದು. ಇವುಗಳಲ್ಲಿ ಮಧ್ಯ ಏಷ್ಯಾದಿಂದ ಬರುವ ಒಂದು ಬಗೆಗೆ ಮುಖದ ಸುತ್ತ ಕಪ್ಪು ಮುಸುಕೇ ಇರುತ್ತದೆ. ಬೂದು ಬೆನ್ನಿನ ಇನ್ನೊಂದು ಬಗೆಗೆ ಬ್ರಿಟಿಷ್ ಸೇನಾಧಿಕಾರಿಯೂ ಪಕ್ಷಿ ಅಧ್ಯಯನಕಾರರೂ ಆಗಿದ್ದ ಕರ್ನಲ್ ಸೈಕ್ಸ್ 1832ರಲ್ಲಿ ‘ಡುಖುನೆನ್ಸಿಸ್’ ಎಂದು, ಅಂದರೆ ದಖ್ಖನ್ನಿನದು ಎಂದು ಹೆಸರಿಟ್ಟರು. ಗೂಡು ಕಟ್ಟುವುದು ದೂರದ ಉತ್ತರದಲ್ಲಾದರೂ ಹೆಸರು ಮಾತ್ರ ಅದು ಚಳಿಗಾಲ ಕಳೆಯುವ ನಮ್ಮ ನೆಲದ್ದು ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ತಿಂಗಳನ್ನೂ ಗಮನಿಸಿ. ಬಿಳಿ ಸಿಪಿಲೆ ದಸರಾ-ದೀಪಾವಳಿಯ ಹೊತ್ತಿಗೆ ಕಾಣಿಸಿಕೊಂಡು ಯುಗಾದಿಯ ಆಚೀಚೆ ಮರಳಿ ಹೋಗುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ನಿಮ್ಮ ಟಾಕಿಯ ಬಳಿ ಸಿಪಿಲೆ ಕಂಡರೆ, ಅದು ಎಷ್ಟೇ ಬೂದಾಗಿರಲಿ, ಬಿಳಿ ಹುಬ್ಬಿನದೇ ಎಂದು ತಿಳಿಯಬಹುದು.

ಇನ್ನು ಹಳದಿ ಹೊಟ್ಟೆಯ ಹಕ್ಕಿ. ಮೂರು ಜಾತಿಗಳಿಗೆ ಹಳದಿ ಬಣ್ಣವಿರುವುದರಿಂದ ಹೊಟ್ಟೆಯನ್ನು ನೋಡಿ ಏನನ್ನೂ ನಿರ್ಧರಿಸಲಾಗದು, ಬೆನ್ನನ್ನು ನೋಡಬೇಕು. ಬೆನ್ನು ಹಸಿರು ಛಾಯೆಯ ಕಂದಾಗಿದ್ದು, ಬಾಲ ಮೋಟಾಗಿದ್ದರೆ ಅದು ಹಳದಿ ಸಿಪಿಲೆ. ಇದು ಒಂಟಿಯಾಗಿ ಹಿತ್ತಲಿಗೆ ಬರುವುದು ಅಪರೂಪ; ಆಲಮಟ್ಟಿ ಹಿನ್ನೀರು ಇಳಿದ ಮೇಲೆ ಉಳಿಯುವ ಹಸಿ ಹುಲ್ಲಿನಲ್ಲಿ, ಮೇಯುವ ದನಗಳ ಕಾಲ ಬಳಿ ಏಳುವ ಹುಳುಗಳಿಗಾಗಿ ಗುಂಪಾಗಿ ಓಡಾಡುವುದು ಇದರ ರೂಢಿ. ಬೆನ್ನು ಬೂದಾಗಿದ್ದು ರೆಕ್ಕೆಯ ಮೇಲೆ ಎರಡು ಅಗಲವಾದ ಬಿಳಿ ಪಟ್ಟೆಗಳಿದ್ದರೆ ಅದು ನಿಂಬೆ ಹಳದಿಯ ಸಿಟ್ರಿನ್ ಸಿಪಿಲೆ. ಇದರ ಹೆಣ್ಣು ಮತ್ತು ಎಳೆಯ ಹಕ್ಕಿಗಳು ತೀರಾ ಗೊಂದಲ ಹುಟ್ಟಿಸುತ್ತವೆ. ಹುಬ್ಬಿನ ತಿಳಿ ಬಣ್ಣ ಕಣ್ಣಿನ ಹಿಂದೆ ಕೆಳಗಿಳಿದು ಕೆನ್ನೆಯನ್ನು ಸುತ್ತುವರಿದಿದೆಯೇ ಎಂಬುದನ್ನು ದುರ್ಬೀನಿನಲ್ಲಿ ನೋಡಿಯೇ ಹೇಳಬೇಕು. ಹಳದಿ ಸಿಪಿಲೆಯಲ್ಲಿ ಆ ಸುತ್ತು ಇರುವುದಿಲ್ಲ. ಜೌಗು ಗಿಡಗಳಿರುವ ಕೆರೆಯಂಚು ಸಿಟ್ರಿನ್ ಸಿಪಿಲೆಯ ಜಾಗ, ಮನೆಯಂಗಳವಲ್ಲ.

ನಿಮ್ಮದು ಮೂರನೆಯದಾದ ಬೂದು ಸಿಪಿಲೆಯೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಬೂದು ಬೆನ್ನು, ಪಟ್ಟೆಗಳಿಲ್ಲದ ಕಪ್ಪು ರೆಕ್ಕೆ, ಚಳಿಗಾಲದಲ್ಲಿ ಬಿಳಿಯಾದ ಗಂಟಲು, ಮತ್ತು ಬಾಲದ ಬುಡದಲ್ಲಿ ಮೇಲೂ ಕೆಳಗೂ ಎಲ್ಲಕ್ಕಿಂತ ಗಾಢವಾದ ಹಳದಿ ಇದರ ಗುರುತು. ಎಲ್ಲ ಸಿಪಿಲೆಗಳಲ್ಲಿಯೂ ದೇಹಕ್ಕೆ ಹೋಲಿಸಿದರೆ ಉದ್ದ ಬಾಲ ಇದರದೇ. ಗಣೇಶ ಚತುರ್ಥಿಯ ಸುಮಾರಿಗೇ ಬಂದುಬಿಡುವ ಇದು, ಹರಿಯುವ ನೀರಿನ ಸಣ್ಣ ಎಳೆ ಸಿಕ್ಕರೂ ಸಾಕು, ಅಲ್ಲಿ ಒಂಟಿಯಾಗಿ ನೆಲೆ ನಿಲ್ಲುತ್ತದೆ. ನಿಮ್ಮ ಹಕ್ಕಿ ದಿನವೂ ಒಂದೇ ಜಾಗಕ್ಕೆ ಒಂದೇ ಆಗಿ ಬರುತ್ತದೆ ಎಂದು ಬರೆದಿರುವುದು ಇದಕ್ಕೆ ಸರಿಹೊಂದುತ್ತದೆ. ನಾಳೆ ಬೆಳಿಗ್ಗೆ ಅದರ ಕಾಲುಗಳನ್ನು ನೋಡಿ. ಮೇಲೆ ಹೇಳಿದ ಉಳಿದ ನಾಲ್ಕೂ ಸಿಪಿಲೆಗಳ ಕಾಲು ಕಪ್ಪು. ಕಂದು-ಗುಲಾಬಿ ಕಾಲು ಕಂಡರೆ ಅದು ಬೂದು ಸಿಪಿಲೆ.